ಗಿರಣಿ ನಿಂತ ಮೇಲಿನ ಹೊತ್ತು

ನಮ್ಮೂರಿನಲ್ಲಿ ಹೊತ್ತು ತಾನಾಗಿ ಸರಿಯುವುದಿಲ್ಲ. ಏನಾದರೊಂದು ನಡೆಯಬೇಕು, ಆಗ ಸರಿಯುತ್ತದೆ. ಊರ ಬಾವಿಯ ರಾಟೆ ಮೊದಲ ಸಲ ತಿರುಗಿದರೆ ರಾತ್ರಿ ಹೋಗಿ ಬೆಳಗು. ಶಾಲೆಯಲ್ಲಿ ಊಟದ ಗಂಟೆ ಹೊಡೆದರೆ ಬೆಳಗು ಹೋಗಿ ಮಧ್ಯಾಹ್ನ. ಗಿರಣಿ ಶುರುವಾದರೆ ಸಂಜೆ, ಗಿರಣಿ ನಿಂತರೆ ರಾತ್ರಿ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಮೊದಲ ವಾರ ಸ್ವಲ್ಪ ತಡವರಿಸುತ್ತಾರೆ. ಆಮೇಲೆ ಅವರೂ ಅಡುಗೆ ಆಗಿರದಿದ್ದರೆ ಶಾಲೆಯ ಕಡೆ ತಿರುಗಿ ‘ಇನ್ನೊಂದೀಟು ತಡೀರಿ ಮಾಸ್ತರ’ ಎಂದು ಕೂಗುವುದನ್ನು ಕಲಿಯುತ್ತಾರೆ. ಬೆಳಕೂ ಹಾಗೆಯೇ. ಸಂಜೆಯ ಹಳದಿ ಸಂಜೆ ಇರುವಷ್ಟೂ ಅದೇ ಹಳದಿ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಗಿರಣಿ ನಿಂತ ಕೂಡಲೇ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕತ್ತಲು. ಕನಿಷ್ಠ ಆಗೆಲ್ಲ ಹಾಗಿತ್ತು.

ಹೊತ್ತು ತಿರುಗಿಸುವ ಕೆಲಸ ಹಿಂದೆ ಪುರಸಭೆಯ ಗೋಪುರದಲ್ಲಿ ಕೂತಿರುತ್ತಿದ್ದ ಬಾಳಪ್ಪಜ್ಜನದು. ಅಜ್ಜನ ಎದುರಿಗೆ ಆಳೆತ್ತರದ ಮರದ ಚಕ್ರ, ಅದರ ಮೇಲೆ ನಾಲ್ಕು ಹೊತ್ತಿನ ನಾಲ್ಕು ಚಿತ್ರ. ಬಾವಿ, ಗಂಟೆ, ಗಿರಣಿಗಳಿಗೆ ಕಿವಿಗೊಟ್ಟು ಕೂತು, ಸದ್ದು ಬಂದಾಗ ಚಕ್ರವನ್ನು ಒಂದು ಚಿತ್ರ ಮುಂದಕ್ಕೆ ನೂಕುತ್ತಿದ್ದ. ಅಜ್ಜನ ಕಿವಿ ಮಂದವಾಗಿ, ಮಾಸ್ತರು ಗಂಟೆ ಹೊಡೆದೂ ಹೊಡೆದೂ ಸುಸ್ತಾಗತೊಡಗಿದಾಗ ಪುರಸಭೆಯವರು ಚಕ್ರಕ್ಕೆ ಮೋಟಾರು ಕೂಡಿಸಿದರು, ಬಾವಿ, ಶಾಲೆ, ಗಿರಣಿಗಳಿಂದ ವೈರು ಎಳೆಸಿದರು, ಒಂದು ಪುಟ್ಟ ಪೆಟ್ಟಿಗೆಯೊಳಗೆ ಚಿಪ್ ಕೂರಿಸಿ ಅದಕ್ಕೆ ಬುದ್ಧಿ ಹೇಳಲು ನನ್ನನ್ನು ಕರೆಸಿದರು. ನಾನು ಆಗ ಬೇರೆ ಊರಿನ ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತ, ಪೀರಿಯಡ್ಡಿಗೊಂದು ಸಲ ಸಿಟ್ಟು ಮಾಡಿಕೊಳ್ಳುತ್ತ ಬದುಕಿದ್ದೆ. ಒಂದು ತಿಂಗಳ ಕೆಲಸ ಅಂದಿದ್ದರು. ಬಂದವಳು ಇಲ್ಲೇ ಉಳಿದೆ. ನನ್ನ ಹೆಸರು ಇಂದುಮತಿ, ಊರವರ ಬಾಯಲ್ಲಿ ಪೆಟ್ಟಿಗಿ ಅಕ್ಕಾರು.

ನಾನು ಬರೆದ ಪ್ರೋಗ್ರಾಮು ದೊಡ್ಡದೇನಲ್ಲ. ಈಗ ಯಾವ ಹೊತ್ತು ಎಂದು ನೆನಪಿಡಲು ಒಂದೇ ಒಂದು ಜಾಗ. ಅದರ ಕೆಳಗೆ ಸ್ವಿಚ್ ಎಂಬ ಒಂದು ಕವಲು, ಅದರೊಳಗೆ ಹೊತ್ತಿಗೊಂದರಂತೆ ಕೇಸು ಎಂಬ ದಾರಿಗಳು. ಪೆಟ್ಟಿಗೆ ಎಡೆಬಿಡದೆ ತನ್ನನ್ನು ತಾನೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತಿರುತ್ತದೆ: ಈಗ ನಾನು ಯಾವ ಹೊತ್ತಿನಲ್ಲಿದ್ದೇನೆ, ಈ ಹೊತ್ತಿಗೆ ಬೇಕಾದದ್ದು ನಡೆಯಿತೇ? ನಡೆದಿದ್ದರೆ ಮುಂದಿನ ಹೊತ್ತು, ಇಲ್ಲವಾದರೆ ಇದ್ದಲ್ಲೇ. ಪ್ರತಿ ಹೊತ್ತೂ ತನಗೆ ಸಂಬಂಧಪಟ್ಟದ್ದನ್ನು ಮಾತ್ರ ಕೇಳುತ್ತದೆ. ರಾತ್ರಿಯಲ್ಲಿ ಯಾರಾದರೂ ಶಾಲೆಯ ಗಂಟೆ ಬಾರಿಸಿದರೆ ರಾತ್ರಿಯ ಕೇಸಿಗೆ ಅದರ ಹಂಗಿಲ್ಲ, ಕೇಳಿಯೂ ಕೇಳದಂತೆ ಇದ್ದುಬಿಡುತ್ತದೆ. ಈ ಗುಣ ನನಗೆ ಬಹಳ ಇಷ್ಟ. ಮನುಷ್ಯರಲ್ಲಿ ಇದು ಕಡಿಮೆ.

ಶುರುವಿನಲ್ಲಿ ಒಂದು ಎಡವಟ್ಟಾಗಿತ್ತು, ಅದನ್ನು ನಾನು ಹೇಳದಿದ್ದರೆ ಊರವರು ಹೇಳಿಯೇ ಹೇಳುತ್ತಾರೆ. ಬೆಳಗಿನ ಕೇಸಿನ ಕೊನೆಯಲ್ಲಿ ಬ್ರೇಕ್ ಎಂಬ ಪದ ಬರೆಯುವುದು ಬಿಟ್ಟುಹೋಗಿತ್ತು. ಆ ಪದ ಇಲ್ಲದಿದ್ದರೆ ಪೆಟ್ಟಿಗೆ ಒಂದು ಕೇಸಿಗೆ ನಿಲ್ಲದೆ ಕೆಳಗಿನ ಕೇಸಿಗೆ ಜಾರುತ್ತದೆ. ಅವತ್ತು ಯಾರದೋ ಮದುವೆಯ ಕಡಲೆಹಿಟ್ಟಿಗಾಗಿ ಬೆಳಿಗ್ಗೆಯೇ ಗಿರಣಿ ಹಚ್ಚಿದ್ದರು. ಬೆಳಗು ಜಾರಿ ಮಧ್ಯಾಹ್ನದ ಕೇಸಿಗೆ ಬಿತ್ತು, ಅಲ್ಲಿ ಗಿರಣಿಯ ಸದ್ದು ಕೇಳಿಸಿತು, ಸೀದಾ ಸಂಜೆ. ಇಡೀ ಊರಿಗೆ ಮಧ್ಯಾಹ್ನದ ಊಟ ತಪ್ಪಿತು. ಮದುವೆ ಮನೆಯವರು ಅಕ್ಷತೆಗೆ ಮೊದಲೇ ಸಂಜೆಯ ಬಜ್ಜಿ ತಿಂದರು. ಇವತ್ತಿಗೂ ಸಂತೆಯಲ್ಲಿ ನಾನು ತರಕಾರಿ ಚೌಕಾಸಿ ಮಾಡಿದರೆ ‘ಊರಿನ ಊಟ ನುಂಗಿದಾಕಿ, ಇನ್ನೇನ್ ಬಿಡ್ತಾಳ’ ಎನ್ನುತ್ತಾರೆ.

ಗಿರಣಿ ನಡೆಸುವವನು ಗುರುಶಿದ್ದಪ್ಪ, ಊರಿಗೆಲ್ಲ ಮಾಮಾ. ಅವನ ಹೆಂಡತಿ ಫಕೀರವ್ವ, ಹಾಗಾಗಿ ಊರಿಗೆಲ್ಲ ಅತ್ತಿ. ಮಕ್ಕಳಿಲ್ಲ. ಗಿರಣಿ ಮತ್ತು ಮನೆ ಒಂದಕ್ಕೊಂದು ಬೆನ್ನು ಹಚ್ಚಿಕೊಂಡಿವೆ. ಮನೆಯ ಮುಂದಿನ ಕಟ್ಟೆ ಪಡುವಣಕ್ಕೆ ಮುಖ ಮಾಡಿದೆ, ಗಿರಣಿಯ ಬಾಗಿಲು ಹಿಂಬದಿಗೆ, ಒಂದು ಗೋದಾಮಿನ ಗೋಡೆಗೆ ಎದುರಾಗಿ. ಕಿಟಕಿ ಇಲ್ಲ. ಅಪ್ಪ ತೀರಿಕೊಂಡ ದಿನದಿಂದ ಮಾಮಾ ಪ್ರತಿ ಸಂಜೆ ಆ ಒಳಗೇ. ಅವನು ಒಳಗೆ ಹೋಗಿ ಗಿರಣಿ ಹಚ್ಚಿದರೆ ಸಂಜೆ, ಆರಿಸಿದರೆ ರಾತ್ರಿ, ಅಂದಮೇಲೆ ಬೇರೆ ದಾರಿ ಏನಿದೆ. ಬೇರೆಯವರ ಕೈಗೆ ಆ ಹಳೆಯ ಗಿರಣಿ ಬಗ್ಗುವುದೂ ಇಲ್ಲ. ಅದರ ಕಲ್ಲು ತಿರುಗಿಸುವ ಪಟ್ಟಾ ಸಡಿಲ. ಮಾಮಾ ಕಾಳು ಸುರಿಯುತ್ತಲೇ ಒಂದು ಕೋಲಿನಿಂದ ಅದನ್ನು ಒತ್ತಿ ಹಿಡಿದಿರುತ್ತಾನೆ, ಎಷ್ಟು ಒತ್ತಬೇಕು ಎಂಬುದು ಅವನ ಕೈಗೆ ಮಾತ್ರ ಗೊತ್ತು. ಒಮ್ಮೆ ಅವನಿಗೆ ಜ್ವರ ಬಂದಾಗ ಮಧ್ಯಾಹ್ನ ಮುಗಿಯದೆ, ಜನ ಬಿಸಿಲಿನಲ್ಲಿ ಬೆಂದು, ಕೊನೆಗೆ ಅವನನ್ನು ಕುರ್ಚಿ ಸಮೇತ ಹೊತ್ತು ಗಿರಣಿಗೆ ತಂದಿದ್ದರಂತೆ.

ಸಂಜೆಗಳಲ್ಲಿ ನಾನು ಅತ್ತಿಯ ಕಟ್ಟೆಯ ಮೇಲೆ ಇರುತ್ತಿದ್ದೆ. ಅತ್ತಿ ಚಹಾ ಕೊಡುತ್ತಿದ್ದಳು, ಹೋಗುವ ಬರುವವರನ್ನೆಲ್ಲ ಕಾಡುತ್ತಿದ್ದಳು. ದೂರದಿಂದಲೇ ಸೀರೆಯ ಸೆರಗು ನೋಡಿ ‘ಅದು ಅವರ ನೆಗೆಣ್ಣಿ ಸೀರಿ, ಕೇಳದ ಉಟ್ಕೊಂಡು ಬಂದಾಳ’ ಎಂದು ಹೇಳುವಷ್ಟು ಕಣ್ಣು ಅವಳದು. ಆ ಕಣ್ಣು ಒಂದು ದಿನ ಚಹಾವನ್ನು ಬಸಿಯ ಹೊರಗೆ ಸುರಿಯಿತು. ಮಾರನೆಯ ದಿನ ನನ್ನನ್ನೇ ಪಕ್ಕದ ಮನೆಯವಳೆಂದು ಬೈಯಿತು. ಹೊರ ಊರಿನ ಡಾಕ್ಟರನ್ನು ಕರೆಸಿದರು. ಅವರು ಬ್ಯಾಟರಿ ಬಿಟ್ಟು ನೋಡಿ, ಮಾಮಾನನ್ನು ಪಕ್ಕಕ್ಕೆ ಕರೆದರು. ನಾನೂ ಅಲ್ಲೇ ಇದ್ದೆ.

“ಇದಕ್ಕ ಔಷಧ ಇಲ್ರಿ. ಒಂದೊಂದು ರಾತ್ರಿ ಕಳದ್ಹಂಗ ಅಷ್ಟಷ್ಟು ಕಣ್ಣು ಹೋಗ್ತದ. ಬಹಳ ದಿನ ಇಲ್ಲ” ಎಂದರು.

ಬೇರೆ ಯಾವ ಊರಿನವನಾದರೂ ಆ ಮಾತು ಕೇಳಿ ಅತ್ತುಬಿಡುತ್ತಿದ್ದ. ಮಾಮಾ ನಮ್ಮೂರಿನವನು. ಅವನಿಗೆ ಅದು ಸಮಾಚಾರದ ಹಾಗೆ ಅಲ್ಲ, ಉಪಾಯದ ಹಾಗೆ ಕೇಳಿಸಿತು. ರಾತ್ರಿ ಕಳೆದರೆ ತಾನೇ ಕಣ್ಣು ಹೋಗುವುದು? ಅವತ್ತು ಅವನು ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಒಂದು ಕೊಡ ನೀರು ಒಳಗಿಟ್ಟುಕೊಂಡು ಗಿರಣಿ ಹಚ್ಚಿದ. ಸಂಜೆಯಾಯಿತು. ಹಾಗೆ ಹಚ್ಚಿದವನು ಆರಿಸಲಿಲ್ಲ.

ಮೊದಮೊದಲು ಊರಿಗೆ ಖುಷಿಯೋ ಖುಷಿ. ಮಕ್ಕಳ ಆಟ ಮುಗಿಯಲಿಲ್ಲ. ಬಜ್ಜಿ ಅಂಗಡಿಯವನು ಮೂರು ಸಲ ಎಣ್ಣೆ ಬದಲಿಸಿದ. ಹರಟೆ ಕಟ್ಟೆಯಲ್ಲಿ ಎಷ್ಟೋ ವರ್ಷಗಳಿಂದ ಅರ್ಧಕ್ಕೆ ನಿಲ್ಲುತ್ತಿದ್ದ ವಾದಗಳು ಮುಕ್ತಾಯ ಕಂಡವು. ಆಮೇಲೆ ಆಕಳಿಕೆ ಶುರುವಾಯಿತು. ಜನ ಕಿಟಕಿಗೆ ಕಂಬಳಿ ಕಟ್ಟಿ ಮಲಗಿದರು, ಎದ್ದರೆ ಅದೇ ಸಂಜೆ. ಕೋಳಿಗಳು ಗೂಡಿಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲೇ ನಿಂತವು. ರಾತ್ರಿ ಅರಳುವ ಹೂವು ಮಾರುವವಳು ಮೊಗ್ಗಿನ ಬುಟ್ಟಿ ಮುಂದಿಟ್ಟುಕೊಂಡು ಕೂತಳು. ಇಷ್ಟಾದರೂ ಯಾರೂ ಮಾಮಾನಿಗೆ ‘ಆರಿಸು’ ಎನ್ನಲಿಲ್ಲ. ಬದಲಿಗೆ ಕಾಳು ತಂದರು. ಕಾಳಿಲ್ಲದೆ ಓಡಿದರೆ ಗಿರಣಿಯ ಕಲ್ಲುಗಳು ಒಂದನ್ನೊಂದು ತಿನ್ನುತ್ತವೆ, ಅದು ಎಲ್ಲರಿಗೂ ಗೊತ್ತಿತ್ತು. ಜೋಳ ತಂದರು, ಗೋಧಿ ತಂದರು, ಕಡಲೆ, ಸಜ್ಜೆ, ಒಣಮೆಣಸಿನಕಾಯಿ ತಂದರು. ಅದೂ ಮುಗಿದಾಗ ಬೀಸಿಕೊಂಡು ಹೋದ ಹಿಟ್ಟನ್ನೇ ಮತ್ತೆ ತಂದು ಬೀಸಿಸಿದರು. ನಮ್ಮೂರಿನ ರೊಟ್ಟಿ ಆ ಸಂಜೆ ಇದ್ದಷ್ಟು ಮೆತ್ತಗೆ ಮತ್ತೆಂದೂ ಆಗಲಿಲ್ಲ.

ಮಾಮಾನ ಲೆಕ್ಕ ತಪ್ಪಾಗಿರಲಿಲ್ಲ. ಸಂಜೆ ನಿಂತಲ್ಲೇ ನಿಂತಿದ್ದರಿಂದ ಅತ್ತಿಯ ಕಣ್ಣೂ ನಿಂತಲ್ಲೇ ನಿಂತಿತು. ಆದರೆ ಮಾಮಾ ಸೋಲುತ್ತಿದ್ದ. ನಿಂತಲ್ಲೇ ತಿನ್ನುತ್ತಿದ್ದ, ನಿದ್ದೆ ಇಲ್ಲ. ಪಟ್ಟಾದ ಸದ್ದು ಆಗಾಗ ಕುಂಟುವುದು ಕಟ್ಟೆಗೆ ಕೇಳಿಸುತ್ತಿತ್ತು, ಕೇಳಿಸಿದಾಗೆಲ್ಲ ಅತ್ತಿ ಮಾತು ನಿಲ್ಲಿಸಿ ಗೋಡೆಗೆ ಕಿವಿ ಕೊಡುತ್ತಿದ್ದಳು.

ಪುರಸಭೆಯ ಮುಖ್ಯಾಧಿಕಾರಿ ಹುದ್ದಾರ ಸಾಹೇಬರು ನನ್ನನ್ನು ಕರೆಸಿದರು. ಕೆಟ್ಟವರಲ್ಲ. ಅವರ ಕಣ್ಣ ಕೆಳಗೂ ಕಪ್ಪು ಕೂತಿತ್ತು.

“ಅಕ್ಕಾರ, ನಾನೂ ಒಂದು ಚೀಲ ಗೋಧಿ ಕಳಿಸೇನಿ, ಗೊತ್ತದ ಅಲ್ರಿ? ಆದ್ರ ಇದು ಎಲ್ಲಿತನಾ? ನಮ್ಮ ತಾಯಿ ನಿದ್ದಿ ಇಲ್ಲದ ಗ್ವಾಡಿ ಜೋಡಿ ಮಾತಾಡ್ಲಿಕ್ಕೆ ಹತ್ಯಾಳ. ಪೆಟ್ಟಿಗಿಗೆ ಒಂದು ಗಡುವು ಬರೀರಿ. ಇಷ್ಟು ಹೊತ್ತಾದ ಮ್ಯಾಲೆ ಗಿರಣಿ ಓಡ್ತಿದ್ರೂ ರಾತ್ರಿ ಆಗಲಿ.”

“ಬರೀತೇನಿ ಸಾಹೇಬ್ರ, ಎರಡು ಸಾಲಿನ ಕೆಲಸ. ಆದ್ರ ಅತ್ತಿನ್ನ ಒಂದು ಮಾತು ಕೇಳಿ ಬರ್ತೇನಿ” ಎಂದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಅತ್ತಿ ಕಟ್ಟೆಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಾನು ಬಾಯಿ ಬಿಡುವ ಮೊದಲೇ “ಗಡುವು ಹಾಕಾಕ ಹೇಳಿರಬೇಕ ಅಲ್ಲ?” ಎಂದಳು. “ಹಾಕವ್ವಾ. ಊರಿನ ನಿದ್ದಿ ಹಾಳಾಗೈತಿ.”

“ಹಾಕಿದ್ರ ನಿನ್ನ ಕಣ್ಣು?”

“ಕಣ್ಣು ಹೋಗ್ತಾವು. ಇಷ್ಟ ವರ್ಷ ಊರ ಮಂದಿ ಸೀರಿ ನೋಡೇನಿ, ಸಾಕು.” ಬೆಳ್ಳುಳ್ಳಿಯ ಸಿಪ್ಪೆ ಊದಿದಳು. “ಒಂದ ಉಳದೈತಿ ನೋಡು. ನಗಬ್ಯಾಡ ಮತ್ತ.”

“ನಗೂದಿಲ್ಲ, ಹೇಳು.”

“ನಿಮ್ಮ ಮಾಮಾ ನನ್ನ ನೋಡಾಕ ಬಂದಾಗ ಇಂಥಾದ್ದ ಸಂಜಿ. ಅವರಪ್ಪ ಗಿರಣಿ ಒಳಗಿದ್ದರು, ಇವರು ಬಿಳಿ ಅಂಗಿ ಹಾಕ್ಕೊಂಡು ನಮ್ಮ ಪಡಸಾಲಿಗೆ ಬಂದು ಕುಂತಿದ್ದರು. ನನಗ ನಾಚಿಕಿ. ತಲಿ ಎತ್ತಲಿಲ್ಲ. ಕಾಲು ಅಷ್ಟ ನೋಡಿದೆ. ಹೆಬ್ಬಟ್ಟಿಗೆ ಗಾಯ ಆಗಿತ್ತು, ಅರಿಷಿಣ ಹಚ್ಚಿದ್ದರು. ಆಮ್ಯಾಲೆ ಲಗ್ನಕ್ಕಿಂತ ಮೊದಲ ನಮ್ಮ ಮಾವ ಹೋದ್ರು, ಇವರು ಗಿರಣಿ ಒಳಗ ಹೊಕ್ಕರು. ಬೆಳಿಗ್ಗೆ ನೋಡೇನಿ, ಮಧ್ಯಾಹ್ನ ನೋಡೇನಿ, ದೀಪದಾಗ ನೋಡೇನಿ. ಸಂಜಿ ಬೆಳಕಿನಾಗ ಅವರ ಮಾರಿ ಹೆಂಗ ಕಾಣ್ತೈತಿ ಅಂತ ಇವತ್ತಿನತನಾ ನನಗ ಗೊತ್ತಿಲ್ಲ.”

ನಾನು ನಗಲಿಲ್ಲ. ಹೆಂಡತಿಗೆ ಬೆಳಕು ಉಳಿಸಲೆಂದು ಅವನು ಒಳಗೆ ನಿಂತಿದ್ದ. ಅವನು ಒಳಗಿರುವಷ್ಟು ಹೊತ್ತು ಅವಳಿಗೆ ಆ ಬೆಳಕಿನಿಂದ ಏನೂ ಉಪಯೋಗವಿಲ್ಲ. ಅವನು ಹೊರಗೆ ಬಂದರೆ ಬೆಳಕೇ ಇಲ್ಲ. ಅದನ್ನು ಬಿಳಿ ಹಾಳೆಯ ಮೇಲೆ ಬಾಣ ಎಳೆದು ನಿಯಮ ಮಾಡಿ ಪೆಟ್ಟಿಗೆಗೆ ಕಲಿಸಿದವಳು ನಾನೇ.

ಓಡಿಹೋಗಿ ಮಾಮಾನಿಗೆ ಹೇಳಿದೆ. ಗಿರಣಿಯ ಗದ್ದಲದಲ್ಲಿ ಕೂಗಿ ಕೂಗಿ ಹೇಳಬೇಕಾಯಿತು, ಗುಟ್ಟಿನ ಮಾತನ್ನು ಹಾಗೆ ಕೂಗುವುದು ಎಷ್ಟು ಮುಜುಗರ. ಹಿಟ್ಟು ಮೆತ್ತಿದ ರೆಪ್ಪೆ ಬಡಿಯುತ್ತ ಕೇಳಿಸಿಕೊಂಡ. “ಹುಚ್ಚಿ ಐತಿ ಅದು! ನಾ ಹೊರಗ ಬಂದ್ರ ಕತ್ತಲ ಆಗ್ತೈತಲ್ಲ!” ಎಂದ. ಸ್ವಲ್ಪ ತಡೆದು, “ಅರಿಷಿಣ ಹಚ್ಚಿದ್ದು ನೆನಪೈತೇನ ಅಕಿಗೆ?” ಎಂದ.

ಅತ್ತಿಯ ತಮ್ಮ ಈರಪ್ಪ ಅಲ್ಲೇ ಚೀಲ ಹಿಡಿದು ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. “ಮಾವಾರ, ಕೋಲು ಇತ್ತ ಕೊಡ್ರಿ. ನಾ ಹಿಡೀತೇನಿ, ನೀವು ಹೋಗಿ ಅಕ್ಕನ ಮುಂದ ನಿಂತು ಬರ್ರಿ” ಎಂದ. ಮಾಮಾ ಹಿಂದೆಮುಂದೆ ನೋಡಿದ, ನಾನೂ ‘ಕೊಡು ಮಾಮಾ’ ಎಂದುಬಿಟ್ಟೆ. ಕೋಲು ಕೈ ಬದಲಾಯಿತು. ಮಾಮಾ ಬಾಗಿಲ ತನಕ ಹೋಗಿರಬಹುದು ಅಷ್ಟೇ. ಪಟ್ಟಾ ಕಳಚಿ ಈರಪ್ಪನ ಮುಂಡಾಸು ಹಾರಿಸಿಕೊಂಡು ಗೋಡೆಗೆ ಬಡಿಯಿತು. ಗಿರಣಿ ನಿಂತಿತು. ಊರಿನ ಮೇಲೆ ರಾತ್ರಿ ದೊಪ್ಪನೆ ಬಿತ್ತು. ಆಡುತ್ತಿದ್ದ ಮಕ್ಕಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಬಜ್ಜಿಯವನು ಉಪ್ಪೆಂದು ಸಕ್ಕರೆ ಹಾಕಿದ. ಮತ್ತೆ ಗಿರಣಿ ಹಚ್ಚಿದರೆ ಏನು ಬಂತು? ರಾತ್ರಿಯ ಕೇಸು ಬಾವಿಯ ರಾಟೆಯನ್ನು ಮಾತ್ರ ಕೇಳುತ್ತದೆ.

ಊರು ಎಷ್ಟು ನಿದ್ದೆಗೆಟ್ಟಿತ್ತೆಂದರೆ ಬಾವಿಗೆ ಯಾರೂ ಬೇಗ ಬರಲಿಲ್ಲ. ಉದ್ದದ ರಾತ್ರಿ ಅದು. ಬೆಳಗಾದ ಮೇಲೆ ಹೋಗಿ ನೋಡಿದರೆ ಅತ್ತಿ ಒಲೆಯ ಮುಂದೆ ಕೂತು ತಂಬಿಗೆ ಹುಡುಕುತ್ತಿದ್ದಳು. ತಂಬಿಗೆ ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು. ಕೈಗೆ ಕೊಟ್ಟೆ. “ಇನ್ನೊಂದು ರಾತ್ರಿಗೆ ಮುಗೀತವ್ವಾ” ಎಂದಳು, ಹಾಲು ಇಷ್ಟೇ ಉಳಿದಿದೆ ಎನ್ನುವ ಹಾಗೆ. ಮಾಮಾ ರಾತ್ರಿಯೆಲ್ಲ ನಿದ್ದೆ ಮಾಡದೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಈರಪ್ಪ ಬಾಗಿಲ ಹೊರಗೆ ಬರಿದಲೆಯಲ್ಲಿ ನಿಂತು ಅಳುತ್ತಿದ್ದ.

ನಾನು ಗೋಪುರ ಹತ್ತಿದೆ. ನನ್ನ ಹಿಂದೆ ಹುದ್ದಾರ ಸಾಹೇಬರು, ಮಾಸ್ತರು, ಮುಂಡಾಸು ಕಳೆದುಕೊಂಡ ಈರಪ್ಪ. ಎಲ್ಲರಿಗೂ ಒಂದೊಂದು ಉಪಾಯ. ಮಾಸ್ತರು, “ಗಿರಣಿ ನಿಂತ ಮ್ಯಾಲೆ ಪೆಟ್ಟಿಗಿಗೆ ಸ್ವಲ್ಪ ಸುಮ್ಮ ಕೂಡು ಅಂತ ಹೇಳ್ರಿ, ಆಮ್ಯಾಲೆ ರಾತ್ರಿ ಮಾಡಲಿ” ಎಂದರು. ಹಾಗೆ ಸುಮ್ಮನೆ ಕೂರಿಸಿದರೆ ಪೆಟ್ಟಿಗೆ ಅಷ್ಟು ಹೊತ್ತೂ ಕಿವುಡಾಗಿರುತ್ತದೆ, ಊರಿನಲ್ಲಿ ಏನಾದರೂ ಅದಕ್ಕೆ ತಿಳಿಯುವುದಿಲ್ಲ, ಕಾಯುವುದೆಂದರೆ ಕಿವಿ ಮುಚ್ಚಿಕೊಳ್ಳುವುದಲ್ಲ ಎಂದೆ. ಈರಪ್ಪ, “ಸಂಜಿ ಕೇಸಿನ್ಯಾಗ ಒಂದು ಗುರುತು ಇಡ್ರಿ. ಇದು ಅಕ್ಕನ ಸಲುವಾಗಿ ಅಂತ ಗುರುತಿದ್ರ ರಾತ್ರಿ ಮಾಡಬ್ಯಾಡ ಅನ್ರಿ” ಎಂದ. ಪಾಲಿಟೆಕ್ನಿಕ್ಕಿನ ಹುಡುಗರೂ ಹೀಗೇ ಮಾಡುತ್ತಿದ್ದರು. ಒಂದು ತೊಡಕು ಬಂದರೆ ಒಂದು ಗುರುತು, ಇನ್ನೊಂದು ತೊಡಕಿಗೆ ಇನ್ನೊಂದು ಗುರುತು, ಕೊನೆಗೆ ತಾವು ಎಲ್ಲಿದ್ದೇವೆಂದು ಅವರಿಗೂ ತಿಳಿಯದು, ಯಂತ್ರಕ್ಕೂ ತಿಳಿಯದು. ನಾನು ಮೇಜು ಗುದ್ದಿ ಬೈಯುತ್ತಿದ್ದೆ: ಗುರುತು ಯಾಕೋ ಬೇಕಾಯಿತು, ನೀನು ಒಂದು ಸ್ಥಿತಿಯನ್ನು ಮರೆತಿದ್ದೀಯ, ಅದಕ್ಕೊಂದು ಹೆಸರು ಕೊಡು!

ಅಷ್ಟು ವರ್ಷ ಬೇರೆಯವರಿಗೆ ಬೈದ ಮಾತು ಆಗ ನನ್ನ ಕಿವಿಗೆ ಬಿತ್ತು. ಗಿರಣಿ ಓಡುತ್ತಿದ್ದರೆ ಸಂಜೆ. ಗಿರಣಿ ನಿಂತು ಕತ್ತಲಾದರೆ ರಾತ್ರಿ. ಗಿರಣಿ ನಿಂತಿದೆ, ಇನ್ನೂ ಕತ್ತಲಾಗಿಲ್ಲ, ಒಬ್ಬ ಮನುಷ್ಯ ಕೈ ತೊಳೆದುಕೊಂಡು ಹೊರಗೆ ಬರುತ್ತಿದ್ದಾನೆ. ಅದು ಸಂಜೆಯೂ ಅಲ್ಲ, ರಾತ್ರಿಯೂ ಅಲ್ಲ. ಅದಕ್ಕೆ ನಮ್ಮೂರಿನಲ್ಲಿ ಹೊತ್ತೇ ಇರಲಿಲ್ಲ.

“ಐದನೇದು ಒಂದು ಹೊತ್ತು ಮಾಡ್ತೇನಿ” ಎಂದೆ.

ಹುದ್ದಾರ ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. “ಒಳಗ ಹೋಗೋ ದಾರಿ ತಿಳೀತು, ಗಿರಣಿ ನಿಂತರ ಅದರಾಗ ಹೋಗೋದು. ಹೊರಗ ಬರೋ ದಾರಿ ಯಾವುದು? ಏನಾದ್ರ ರಾತ್ರಿ?”

“ಅತ್ತಿ ಕಟ್ಟಿ ಮ್ಯಾಲೆ ಒಂದು ಗುಂಡಿ ಕೂಡಸ್ತೇನಿ. ಅಕಿ ಒತ್ತಿದ್ರ ರಾತ್ರಿ.”

“ಅಕಿ ಒತ್ತದಿದ್ರ?”

ಮೂವರೂ ನನ್ನ ಮುಖ ನೋಡಿದರು. ಆ ಹೊತ್ತಿನಲ್ಲಿಯೂ ರಾತ್ರಿ ಬಾರದಷ್ಟು ಕಾಲ ಅತ್ತಿಯ ಕಣ್ಣು ಉಳಿಯುತ್ತದೆ. ಒತ್ತಿದರೆ ಹೋಗುತ್ತದೆ. ತನ್ನ ಕಣ್ಣನ್ನು ತಾನೇ ಆರಿಸುವ ಗುಂಡಿಯನ್ನು ಯಾರು ಒತ್ತುತ್ತಾರೆ?

“ಗಡುವು ಒಂದು ಇರಲ್ರಿ ಅಕ್ಕಾರ, ಬೆನ್ನಿಗೆ” ಎಂದರು ಸಾಹೇಬರು, ಮೆತ್ತಗೆ.

“ಬ್ಯಾಡ್ರಿ. ಅದು 'ಹ್ಞೂಂ, ನೋಡಿಕೋ, ಲಗೂನ ಮುಗಸು' ಅಂದ್ಹಂಗ ಆಗ್ತದ. ಆಕಿ ಊರ ಮಂದಿ ಕೊಟ್ಟ ಗೋಧಿ ಬೀಸೋ ಸದ್ದು ಕೇಳ್ಕೋತ ಕುಂತಾಕಿ. ಯಾವಾಗ ಒತ್ತಬೇಕಂತ ಆಕಿಗೆ ಗೊತ್ತಾಗ್ತದ.”

ಸಾಹೇಬರು “ನಮ್ಮ ತಾಯಿಗೆ ನಾ ಏನರ ಹೇಳ್ತೇನಿ, ನೀವು ಬರೀರಿ” ಎಂದು ಎದ್ದರು.

ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಂಜೆಯ ಕೇಸಿನಲ್ಲಿ ಬಾಣದ ತುದಿ ಬದಲಿಸಿದೆ, ಗಿರಣಿ ನಿಂತರೆ ರಾತ್ರಿಗಲ್ಲ, ಹೊಸ ಹೊತ್ತಿಗೆ. ಹೊಸ ಕೇಸಿನಲ್ಲಿ ಒಂದೇ ಪ್ರಶ್ನೆ, ಗುಂಡಿ ಒತ್ತಿದರೇ? ಅತ್ತಿಯ ಬೆರಳು ನಡುಗುತ್ತದೆ, ಅದು ಒಂದೇ ಸಲಕ್ಕೆ ಹತ್ತು ಸಲ ತಾಗಿದರೂ ಒಂದೇ ಎಂದು ತಿಳಿಯುವಂತೆ ಮಾಡಿದೆ. ಬ್ರೇಕ್ ಬರೆದೆನೇ ಎಂದು ಮೂರು ಸಲ ನೋಡಿದೆ. ಹೊತ್ತುಗಳ ಪಟ್ಟಿಯಲ್ಲಿ ಅದಕ್ಕೊಂದು ಹೆಸರು ಬೇಕಿತ್ತು, ಬೇರೇನೂ ತೋಚದೆ ‘ಅತ್ತಿ’ ಎಂದು ಬರೆದೆ. ಚಕ್ರದ ಮೇಲೆ ಐದನೆಯ ಚಿತ್ರಕ್ಕೆ ಜಾಗ ಮಾಡಿ ಬಾಳಪ್ಪಜ್ಜ ಏನೂ ಬರೆಯದ ಬಿಳಿ ಹಲಗೆಯೊಂದನ್ನು ಜಡಿದ. ಪೆಟ್ಟಿಗೆ ಹೊಸದಾಗಿ ಶುರುವಾದರೆ ಬೆಳಗಿನಿಂದಲೇ ಶುರುವಾಗುವುದು, ಆದ್ದರಿಂದ ಊರಿಗೆ ಅವತ್ತು ಎರಡು ಬೆಳಗಾಯಿತು. ಹೆಂಗಸರು ಮತ್ತೆ ಅಂಗಳಕ್ಕೆ ನೀರು ಹಾಕಬೇಕಾಗಿ ನನಗೆ ಶಾಪ ಹಾಕಿದರು.

ಗಂಟೆ ಹೊಡೆಯಿತು, ಮಧ್ಯಾಹ್ನವಾಯಿತು. ಮಾಮಾ ಊಟ ಮಾಡಿ, ಕಳಚಿದ ಪಟ್ಟಾ ಮತ್ತೆ ಏರಿಸಿ ಗಿರಣಿ ಹಚ್ಚಿದ, ಸಂಜೆಯಾಯಿತು. ಒಂದೇ ಒಂದು ಚೀಲ ಜೋಳ ಬೀಸಿದ. ಓಣಿಯ ಜನಕ್ಕೆಲ್ಲ ಆ ಹೊತ್ತಿಗೇ ಏನೋ ಒಂದು ಕೆಲಸ ನೆನಪಾಗಿ, ಎಲ್ಲರೂ ಬಾಗಿಲಲ್ಲಿ ಇದ್ದರು. ನಾನು ಕಟ್ಟೆಯ ತುದಿಯಲ್ಲಿ ಕೂತು ಅತ್ತಿಯ ಬೆರಳಿಗೆ ಗುಂಡಿ ತೋರಿಸಿಕೊಟ್ಟೆ. ಗಿರಣಿ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದರೆ ಬೆಳಕು ಇತ್ತು.

ಮಾಮಾ ಮನೆಯನ್ನು ಸುತ್ತು ಹಾಕಿಕೊಂಡು ಬಂದ. ಅಡಿಯಿಂದ ಮುಡಿಯವರೆಗೆ ಹಿಟ್ಟು. ಆ ಬೆಳಕಿನಲ್ಲಿ ನಿಂತು ಅಭ್ಯಾಸವಿಲ್ಲದೆ, ಬೇರೆಯವರ ಮನೆಗೆ ಬಂದವನಂತೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ. ಅತ್ತಿ ಕತ್ತು ಮುಂದೆ ಚಾಚಿ ನೋಡಿದಳು.

“ಮಾರಿ ಎಲ್ಲೈತ್ರಿ? ಬರೇ ಹಿಟ್ಟ ಕಾಣ್ತೈತಿ.”

ಓಣಿಯೆಲ್ಲ ನಕ್ಕಿತು. ಅತ್ತಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆರಗಿನಿಂದ ಅವನ ಮುಖ ಒರೆಸಿದಳು. ಹಣೆ, ಹುಬ್ಬು, ಮೂಗಿನ ಪಕ್ಕ, ಒಂದೊಂದೇ. ಒರೆಸಿ ಒರೆಸಿ ನೋಡಿದಳು. ಮುಖದಿಂದ ಮುಖಕ್ಕೆ ಒಂದು ಗೇಣು ಅಂತರ, ಅವಳಿಗೆ ಅಷ್ಟೇ ಕಾಣುತ್ತಿದ್ದದ್ದು. ಆಮೇಲೆ ಬಗ್ಗಿ ಅವನ ಕಾಲಿನ ಹೆಬ್ಬಟ್ಟನ್ನೂ ನೋಡಿ, “ಗಾಯ ಮಾದೈತಿ” ಎಂದಳು. ಮಾಮಾ ಬಾಯಿ ತುಂಬ ನಕ್ಕ, ಕಣ್ಣಿನ ಹಿಟ್ಟು ತೊಯ್ದು ಗೆರೆಗಳಾದವು.

ಅಷ್ಟರಲ್ಲಿ ಆಕಾಶ ಒಂದು ಥರ ಮಾಡತೊಡಗಿತು. ಬೆಳಕಿನ ಬಗ್ಗೆ ನಾನು ಒಂದಕ್ಷರ ಬರೆದಿರಲಿಲ್ಲ. ಹೆಸರು ಕೊಟ್ಟಿದ್ದೆ, ಒಳಗೊಂದು ಹೊರಗೊಂದು ದಾರಿ ಕೊಟ್ಟಿದ್ದೆ, ಅಷ್ಟೇ. ಹಳದಿ ತನ್ನಷ್ಟಕ್ಕೆ ಕರಗಿ ಕೆಂಪಾಯಿತು, ಕೆಂಪಿನ ಅಂಚಿಗೆ ಇನ್ನೇನೋ ಬಂತು. ನಮ್ಮೂರಿನವರು ಅದನ್ನು ಎಂದೂ ಕಂಡವರಲ್ಲ. ಕೋಳಿಗಳು ತಾವಾಗಿ ಗೂಡಿಗೆ ನಡೆದವು. ಮಾಮಾ ಬೆದರಿ, “ಏ ಇಂದೂ, ಕೆಟ್ಟೈತೇನ ಇದು?” ಎಂದು ನನ್ನ ಕಡೆ ನೋಡಿದ. “ಇಲ್ಲ ಮಾಮಾ, ಕೆಟ್ಟಿಲ್ಲ” ಎಂದೆ. ನಿಜವಾಗಿ ನನಗೂ ಗೊತ್ತಿರಲಿಲ್ಲ.

ಜನ ಒಬ್ಬೊಬ್ಬರೇ ಒಳಗೆ ಹೋದರು. ಅತ್ತಿ ನೋಡುತ್ತಲೇ ಇದ್ದಳು, ಮಾಮಾ ಏನೇನೋ ಮಾತಾಡುತ್ತಿದ್ದ. ಮಾತು ತೊದಲಿತು. ಅಷ್ಟೊಂದು ಹೊತ್ತು ನಿದ್ದೆಯಿಲ್ಲದೆ ನಿಂತ ಮನುಷ್ಯ, ಕೂತ ಮೇಲೆ ಎಷ್ಟು ತಾಳಿಯಾನು. ಅವನ ತಲೆ ವಾಲಿ ಅತ್ತಿಯ ಹೆಗಲಿಗೆ ಬಿತ್ತು. ಮತ್ತೆ ಬೆಚ್ಚಿ ಎದ್ದು “ನೋಡು ನೋಡು, ನಾ ಎಚ್ಚರ ಅದೇನಿ” ಎಂದ. ಮತ್ತೆ ವಾಲಿದ. ನಾನು ದೀರ್ಘಕಾಲ ಕಾಯಲು ಸಿದ್ಧಳಾಗಿ ಬಂದವಳು, ಬುತ್ತಿಯನ್ನೂ ಕಟ್ಟಿಕೊಂಡಿದ್ದೆ.

“ಪಾಪ, ನಿದ್ದಿ ಬಂದೈತಿ ಇವರಿಗೆ” ಎಂದಳು ಅತ್ತಿ. ಕೊನೆಯ ಸಲ ಅವನ ಮುಖವನ್ನು ಹತ್ತಿರದಿಂದ ನೋಡಿದಳು. ನಾನು ‘ಅತ್ತೀ, ತಡಿ’ ಎನ್ನಲು ಬಾಯಿ ತೆರೆದೆ. ಅವಳ ಕೈ ಆಗಲೇ ಗುಂಡಿಯ ಮೇಲಿತ್ತು. ಒತ್ತಿದಳು.

ಮಾರನೆಯ ದಿನದಿಂದ ಅತ್ತಿಗೆ ಏನೂ ಕಾಣುವುದಿಲ್ಲ. ಹುದ್ದಾರ ಸಾಹೇಬರು, ಇನ್ನು ಆ ಕೇಸನ್ನು ತೆಗೆಯಬೇಕೇ ಎಂದು ಯಾರಾದರೂ ಕೇಳಿಯಾರೆಂದು ಹೆದರಿ, ತಾವೇ ಮೊದಲು “ಇರಲಿ ಬಿಡ್ರಿ ಅಕ್ಕಾರ, ನಮ್ಮ ತಾಯಿಗೂ ಸೇರತದ” ಎಂದರು. ಊರು ಅದನ್ನು ಅತ್ತಿ ಹೊತ್ತು ಎಂದೇ ಕರೆಯುತ್ತದೆ. ಈಗ ದಿನವೂ ಗಿರಣಿ ನಿಂತ ಮೇಲೆ ಮಾಮಾ ಮುಖ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕೂರುತ್ತಾನೆ.

“ಏನ್ ಬಣ್ಣ ಐತ್ರಿ?” ಎಂದು ಅತ್ತಿ ಕೇಳುತ್ತಾಳೆ.

ಮಾಮಾನಿಗೆ ಆಕಾಶದ ಬಣ್ಣಗಳ ಹೆಸರು ಬರುವುದಿಲ್ಲ, ಅವನಿಗೆ ಗೊತ್ತಿರುವುದು ಹಿಟ್ಟು. “ಈಗ ಕಡ್ಲಿ ಹಿಟ್ಟು” ಎನ್ನುತ್ತಾನೆ. “ತಡಿ, ಮೆಣಸಿನಪುಡಿ ಬೆರಸಾಕ ಹತ್ಯಾರ. ಓ, ಜೋರು ಆತು. ಈಗ ಮ್ಯಾಲಿನಿಂದ ಸಜ್ಜಿ ಹಿಟ್ಟು ಬೀಳಾಕ ಹತ್ತೈತಿ.” ಸಜ್ಜೆ ಹಿಟ್ಟು ಪೂರ್ತಿಯಾಯಿತು ಎಂದಾಗ ಅತ್ತಿ ಗುಂಡಿ ಒತ್ತುತ್ತಾಳೆ, ಊರಿಗೆ ರಾತ್ರಿಯಾಗುತ್ತದೆ. ಅದು ಅವರಿಬ್ಬರ ಒಪ್ಪಂದ.

ಕೆಲವು ದಿನ ಗೋಪುರದಿಂದ ನನಗೆ ಕಾಣುತ್ತದೆ, ಆಕಾಶವೆಲ್ಲ ಸಜ್ಜೆ ಹಿಟ್ಟಾಗಿ ಎಷ್ಟೋ ಹೊತ್ತಾಗಿದೆ, ಮನೆಗಳಲ್ಲಿ ದೀಪ ಹಚ್ಚಿಯಾಗಿದೆ, ರಾತ್ರಿ ಮಾತ್ರ ಬರುವುದಿಲ್ಲ. ಮೊದಲ ಸಲ ವೈರು ಕಡಿದಿದೆಯೇನೋ ಎಂದು ಓಡಿಹೋಗಿದ್ದೆ. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದರು. ಮಾಮಾ ಮುಖವನ್ನು ಗಂಭೀರ ಮಾಡಿಕೊಂಡು, “ಇನ್ನೂ ಕಡ್ಲಿ ಹಿಟ್ಟ ಐತಿ” ಎನ್ನುತ್ತಿದ್ದ.

“ಗಾಳಿ ಇಷ್ಟು ತಣ್ಣಗ ಬೀಸಾಕ ಹತ್ತೈತಿ” ಎಂದಳು ಅತ್ತಿ. “ಖರೇನ ಕಡ್ಲಿ ಹಿಟ್ಟೇನ್ರಿ?”

“ನಿನ್ನಾಣಿ.”

ಅತ್ತಿಯ ಬೆರಳು ಗುಂಡಿಯ ಮೇಲೆಯೇ ಇತ್ತು, ಅವಳು ನಗುತ್ತಿದ್ದಳು. ಒತ್ತಲಿಲ್ಲ. ನಾನು ಸದ್ದಾಗದ ಹಾಗೆ ಹಿಂದಕ್ಕೆ ಬಂದು ಗೋಪುರ ಹತ್ತಿ ಕೂತೆ. ಆ ಕೇಸಿಗೆ ನಾನು ಗಡುವು ಬರೆದಿಲ್ಲ.